ಕಣದ ಮೇಲೆ ಕಟ್ಟಿದ ಆಲಯ

ಹಿಂಗಾರಿಯ ಬಿಳಿಜೋಳದ ರಾಶಿ ಮುಗಿದು ಕಣಗಳು ಬರಿದಾಗುವ ಹೊತ್ತಿಗೆ ಬಾಗಲಕೋಟೆ ನವನಗರದ ನಮ್ಮ ಕ್ರೈಸ್ತ ಸಭೆಯಲ್ಲಿ ಸುಗ್ಗಿ ಹಬ್ಬದ ಆರಾಧನೆ ನಡೆಯುತ್ತದೆ. ಪ್ರಸಂಗಪೀಠದ ಎಡಬಲಕ್ಕೆ ತೆನೆ ಸಮೇತ ಜೋಳದ ದಂಟುಗಳನ್ನು ನಿಲ್ಲಿಸಿ, ಮುಂದಿನ ಚಾಪೆಯ ಮೇಲೆ ಕಡಲೆ, ಕುಸುಬೆ, ಉಳ್ಳಾಗಡ್ಡಿ, ಬೆಲ್ಲದ ಪೆಂಟೆ, ಕುಂಬಳಕಾಯಿಗಳನ್ನು ಜೋಡಿಸುತ್ತಾರೆ. ಯಾರಾದರೊಬ್ಬರು ಜೋಡಿ ಕೋಳಿಗಳನ್ನು ತಂದು ಹೊರಗಿನ ಬೇವಿನ ಗಿಡಕ್ಕೆ ಕಟ್ಟಿರುತ್ತಾರೆ. ಆಶೀರ್ವಾದದ ನಂತರ ಅವೆಲ್ಲವೂ ಸವಾಲಿಗೆ, ಅಂದರೆ ಹರಾಜಿಗೆ, ಬರುತ್ತವೆ. ಈ ವರ್ಷ ಸವಾಲಿನಿಂದ ಬಂದ ಹಣವೆಲ್ಲ ಹೊಸ ಆಲಯದ ಕಟ್ಟಡಕ್ಕೆ ಸಲ್ಲಬೇಕೆಂದು ಮೊದಲೇ ನಿಶ್ಚಯವಾಗಿತ್ತು.

ಆ ದಿನ ಸಭಾಪಾಲಕರು ಪ್ರಸಂಗಕ್ಕೆ ಆರಿಸಿಕೊಂಡದ್ದು ಬೈಬಲಿನ ಸಮುವೇಲನ ಎರಡನೆಯ ಗ್ರಂಥದ 24ನೆಯ ಅಧ್ಯಾಯವನ್ನು. ದೇಶಕ್ಕೆ ತಗಲಿದ ವ್ಯಾಧಿ ನಿಲ್ಲಲೆಂದು ದಾವೀದನು ಯೆಬೂಸಿಯನಾದ ಅರೌನನ ಕಣದಲ್ಲಿ ಯಜ್ಞವೇದಿ ಕಟ್ಟಲು ಹೋಗುತ್ತಾನೆ. ಅರಸನನ್ನು ಕಂಡ ಅರೌನನು ಕಣವನ್ನೂ, ಹೋಮಕ್ಕೆಂದು ತನ್ನ ಎತ್ತುಗಳನ್ನೂ, ಸೌದೆಗೆಂದು ಒಕ್ಕಣೆಯ ಸಾಮಾನು ಮತ್ತು ನೊಗಗಳನ್ನೂ ಹಾಗೆಯೇ ಒಪ್ಪಿಸಲು ಮುಂದಾಗುತ್ತಾನೆ. ದಾವೀದನು ಒಪ್ಪುವುದಿಲ್ಲ. ತನಗೆ ಏನೂ ವೆಚ್ಚವಾಗದ ಹೋಮವನ್ನು ತನ್ನ ದೇವರಿಗೆ ಅರ್ಪಿಸಲಾರೆನೆಂದು ಹೇಳಿ, 50 ಶೆಕೆಲ್ ತೂಕದ ಬೆಳ್ಳಿ ಕೊಟ್ಟು ಕಣವನ್ನೂ ಎತ್ತುಗಳನ್ನೂ ಕೊಂಡುಕೊಳ್ಳುತ್ತಾನೆ. ಮುಂದೆ ಸೊಲೊಮೋನನು ಯೆರೂಸಲೇಮಿನ ದೇವಾಲಯವನ್ನು ಕಟ್ಟಿದ್ದು ಅದೇ ಕಣದ ಮೇಲೆ.

ಕಣವೆಂದರೆ ಏನೆಂಬುದನ್ನು ಈ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ನೆಲವನ್ನು ಸೆಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸುತ್ತ ತಿರುಗಿಸಿ ಹಂತಿ ಹೊಡೆದ ಹಿರಿಯರು ನಮ್ಮ ಸಭೆಯಲ್ಲಿ ಇನ್ನೂ ಇದ್ದಾರೆ; ಈಗ ಯಂತ್ರವೇ ರಾಶಿ ಮಾಡಿದರೂ ಅವರು ಕಣಕ್ಕೆ ಕಾಲಿಡುವಾಗ ಚಪ್ಪಲಿ ಬಿಡುತ್ತಾರೆ. ಎತ್ತು ಮತ್ತು ನೊಗವನ್ನು ಕೊಟ್ಟವನು ಮುಂದಿನ ವರ್ಷದ ಬಿತ್ತನೆಯನ್ನೇ ಕೊಟ್ಟಂತೆ ಎಂಬುದು ಅವರಿಗೆ ಗೊತ್ತು. ಆದ್ದರಿಂದ ಅರೌನನ ಕೊಡುಗೆಯಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ತಾನು ಸಲ್ಲಿಸಬೇಕಾದ ಕಾಣಿಕೆಯನ್ನು ಇನ್ನೊಬ್ಬನ ತ್ಯಾಗದಿಂದ ತೀರಿಸಿಬಿಡಲು ದಾವೀದನ ಮನಸ್ಸು ಒಪ್ಪಲಿಲ್ಲ, ಅಷ್ಟೆ. ದೊಡ್ಡ ದಾನಿಯೊಬ್ಬರು ಬಂದು ಒಂದೇ ಸಲಕ್ಕೆ ಆಲಯವನ್ನು ಕಟ್ಟಿಸಿಕೊಡಲಿ ಎಂದು ಎಷ್ಟೋ ಸಲ ಆಸೆಪಟ್ಟಿದ್ದ ನನಗೆ, ಆ ವಾಕ್ಯ ಓದಿದಾಗ ಬಹಳ ಹೊತ್ತು ತಲೆ ಎತ್ತಲಾಗಲಿಲ್ಲ.

ನಮ್ಮದು ಮುಳುಗಡೆಯಿಂದ ಬಂದವರ ಸಭೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯನ್ನು ಏರಿ ಹಳೆಯ ಬಾಗಲಕೋಟೆಯ ಓಣಿಗಳನ್ನೂ ಸುತ್ತಲಿನ ಹಳ್ಳಿಗಳನ್ನೂ ಆವರಿಸಿದ ಮೇಲೆ, ಕೆಲವೇ ಮನೆತನಗಳು ಸೆಕ್ಟರುಗಳ ಈ ಹೊಸ ಊರಿಗೆ ಬಂದು, ಒಬ್ಬರ ಮನೆಯ ಅಂಗಳದಲ್ಲಿ ಪ್ರಾರ್ಥನೆ ಆರಂಭಿಸಿದವು. ಬಳಿಕ ತಗಡಿನ ಶೆಡ್ ಆಯಿತು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂದಿತು. ಆಸ್ಪತ್ರೆ, ಕಾಲೇಜುಗಳು ಬೆಳೆದವು. ಓದಲು ಬಂದ ಮಕ್ಕಳು, ದಾದಿಯರು, ವರ್ಗವಾಗಿ ಬಂದ ನೌಕರರು ಸೇರಿ ಶೆಡ್ ಸಾಲದಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಕೆಳಗೆ ಕೂಡುವುದೇ ಕಷ್ಟ. ಭಾನುವಾರ ಶಾಲೆಯ ಮಕ್ಕಳು ಬೇವಿನ ನೆರಳಲ್ಲಿಯೇ ಪಾಠ ಕಲಿಯುತ್ತಾರೆ.

ಮಂದಿರ ಹಾಳುಬಿದ್ದಿರುವಾಗ ನೀವು ಹಲಗೆ ಹೊದಿಸಿದ ಮನೆಗಳಲ್ಲಿ ವಾಸಿಸುವ ಕಾಲವೋ ಎಂದು ಪ್ರವಾದಿಯಾದ ಹಗ್ಗಾಯನು ಕೇಳಿದ ಮಾತನ್ನು ಕಟ್ಟಡ ನಿಧಿಯ ಕೂಟಗಳಲ್ಲಿ ಸಾಮಾನ್ಯವಾಗಿ ಓದುತ್ತಾರೆ. ಸೂರು ಕಳೆದುಕೊಂಡು, ಪರಿಹಾರದ ಕಾಗದಪತ್ರ ಹಿಡಿದು ವರ್ಷಗಟ್ಟಲೆ ಅಲೆದು, ಮತ್ತೆ ಒಂದೊಂದೇ ಕೋಣೆ ಕಟ್ಟಿಕೊಂಡ ಜನರಿಗೆ ಆ ಮಾತನ್ನು ಚುಚ್ಚುವಂತೆ ಓದಬಾರದೆಂಬುದು ನನ್ನ ಅಭಿಪ್ರಾಯ. ಹಗ್ಗಾಯನ ಬಾಯಿಂದ ಅದೇ ಅಧ್ಯಾಯದಲ್ಲಿ, ನಾನು ನಿಮ್ಮ ಸಂಗಡ ಇದ್ದೇನೆ ಎಂಬ ಯೆಹೋವನ ಮಾತೂ ಬರುತ್ತದೆ. ನಮ್ಮ ಸಭಾಪಾಲಕರು ಅದನ್ನೇ ಎರಡು ಸಲ ಓದಿ ಮುಂದಕ್ಕೆ ಹೋದರು.

ಸಾಲ ಮಾಡಿ ಬೇಗ ಕಟ್ಟಿಬಿಡೋಣ ಎಂಬ ಮಾತು ಹಿರಿಯರ ಸಭೆಯಲ್ಲಿ ಬಂದಿತ್ತು. ಮಳೆ ಕೈಕೊಟ್ಟರೆ ಕಂತು ಯಾರು ಕಟ್ಟಬೇಕು ಎಂದು ಒಬ್ಬ ರೈತರು ಕೇಳಿದ ಮೇಲೆ ಅದು ಅಲ್ಲಿಗೇ ನಿಂತಿತು. ಪ್ರತಿ ಕುಟುಂಬವೂ ಪ್ರಾರ್ಥಿಸಿ, ತನಗೆ ಆಗುವಷ್ಟನ್ನು ವಾಗ್ದಾನ ಮಾಡಿ, ತಿಂಗಳು ತಿಂಗಳು ಹಾಕುತ್ತಾ ಹೋಗುವುದು, ಹಣ ಇದ್ದಷ್ಟೇ ಕೆಲಸ ಮಾಡಿಸುವುದು ಎಂದು ತೀರ್ಮಾನವಾಯಿತು. ಅರಸುಗಳ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ, ಅರಸನಾದ ಯೋವಾಷನ ಆಳಿಕೆಯ 23ನೆಯ ವರ್ಷವಾದರೂ ದೇವಾಲಯದ ದುರಸ್ತಿ ನಡೆದಿರಲಿಲ್ಲ. ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆ ತಂದು, ಅದರ ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಬಲಗಡೆ ಇಟ್ಟನು. ಹಣ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಜೊತೆಯಾಗಿ ಬಂದು ಎಣಿಸಿ, ಬಡಗಿಗಳಿಗೂ ಕಲ್ಲುಕುಟಿಗರಿಗೂ ಸಲ್ಲುವಂತೆ ಒಪ್ಪಿಸುತ್ತಿದ್ದರು. ನಾವೂ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಎರಡು ಕೀಲಿ ಹಾಕಿಸಿದೆವು. ಒಂದು ಕೀಲಿಕೈ ಖಜಾಂಚಿಯವರ ಬಳಿ, ಇನ್ನೊಂದು ಸ್ತ್ರೀಯರ ಕೂಟದ ಅಧ್ಯಕ್ಷರ ಬಳಿ ಇದೆ. ತಿಂಗಳ ಲೆಕ್ಕ ಬಾಗಿಲ ಪಕ್ಕದ ಗೋಡೆಗೆ ಅಂಟುತ್ತದೆ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಒಯ್ಯುವಾಗ ಯಾರೂ ದೂರು ಹೇಳಬಾರದೆಂದು, ಸಭೆಗಳೇ ಆರಿಸಿದ ಸಹೋದರನನ್ನು ಪೌಲನು ಜೊತೆಗೆ ಕರೆದುಕೊಂಡನಲ್ಲವೆ? ಗೋಡೆಯ ಮೇಲಿನ ಆ ಹಾಳೆಯನ್ನು ನಾನು ಆರಾಧನೆಯ ಭಾಗವೆಂದೇ ಎಣಿಸುತ್ತೇನೆ.

ಮೊದಲ ವರ್ಷದ ಕಾಣಿಕೆಯೆಲ್ಲ ನೆಲದೊಳಗೇ ಹೋಯಿತು. ನಮ್ಮ ಜಾಗದಲ್ಲಿರುವುದು ಎರೆಮಣ್ಣು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣಿನ ಮೇಲೆ ಗೋಡೆ ನಿಲ್ಲುವುದಿಲ್ಲವೆಂದು ಗಟ್ಟಿ ಗರಸು ಸಿಗುವವರೆಗೂ ಪಾಯ ತೋಡಿಸಬೇಕಾಯಿತು. ವರ್ಷದ ಕೊನೆಗೆ ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಆದರೂ ಪೆಟ್ಟಿಗೆ ಬರಿದಾಗಲಿಲ್ಲ.

ಅದಕ್ಕೆ ಕಾರಣರಾದವರಲ್ಲಿ ಒಬ್ಬ ತಾಯಿಯ ಮನೆಗೆ ನಾನು ಕೂಟದ ಕೆಲಸಕ್ಕೆಂದು ಹೋಗಿದ್ದೆ. ಗಂಡ ತೀರಿಕೊಂಡ ಮೇಲೆ ಖಡಕ್ ರೊಟ್ಟಿ ಮಾರಿ ಮಕ್ಕಳನ್ನು ಓದಿಸಿದವರು. ನಸುಕಿನಲ್ಲಿಯೇ ಒಲೆ ಹೊತ್ತಿಸಿ, ಕೊಣಮಿಗೆಯಲ್ಲಿ ಹಿಟ್ಟು ನಾದಿ, ಒಂದೇ ಲಯದಲ್ಲಿ ಬಡಿಯುತ್ತಿದ್ದರು. ಹತ್ತನೆಯ ರೊಟ್ಟಿ ಹಂಚಿನಿಂದ ಇಳಿದಾಗ ಅದನ್ನು ಬೇರೊಂದು ಬುಟ್ಟಿಗೆ ಹಾಕಿ, ಬಿಳಿ ಬಟ್ಟೆ ಮುಚ್ಚಿ, ಗೋಡೆಗೆ ಇದ್ದಿಲಿನಿಂದ ಒಂದು ಗೆರೆ ಎಳೆದರು. “ಅದು ಯಾಕ ಬ್ಯಾರೆ ಇಟ್ಟಿರಿ ಯವ್ವಾ?” ಎಂದು ಕೇಳಿದೆ. “ಅದು ನಂದಲ್ಲವಾ, ದೇವರದು. ನನ್ನ ಒಂಬತ್ತರಾಗ ಕಲಸಬಾರದು” ಎಂದರು. ಗೋಡೆಯ ತುಂಬ ಗೆರೆಗಳಿದ್ದವು. ಆ ಬುಟ್ಟಿಯ ರೊಟ್ಟಿಯ ಹಣ ಪ್ರತಿ ಭಾನುವಾರ ಪೆಟ್ಟಿಗೆಗೆ ಬರುತ್ತದೆ.

ಹೆಚ್ಚು ಕೊಟ್ಟವರ ಹೆಸರನ್ನು ಮೊತ್ತ ಸಹಿತ ಕಲ್ಲಿನಲ್ಲಿ ಕೆತ್ತಿಸಬೇಕೆಂಬ ಸಲಹೆಯನ್ನು ನಾನು ವಿರೋಧಿಸಿದ್ದು ಆ ಗೆರೆಗಳನ್ನು ನೋಡಿ ಬಂದ ಮೇಲೆಯೇ. ಕಾಣಿಕೆ ಪೆಟ್ಟಿಗೆಯ ಎದುರಿಗೆ ಕುಳಿತು ನೋಡುತ್ತಿದ್ದ ಯೇಸುಸ್ವಾಮಿ, ಎರಡು ಕಾಸು ಹಾಕಿದ ವಿಧವೆಯನ್ನು ಶಿಷ್ಯರಿಗೆ ತೋರಿಸಿದರು. ಆಕೆಯ ಹೆಸರನ್ನು ಸುವಾರ್ತೆ ಎಲ್ಲಿಯೂ ಹೇಳುವುದಿಲ್ಲ. ಹಿರಿಯರು ಒಪ್ಪಿಕೊಂಡರು. ಕಲ್ಲಿನಲ್ಲಿ ವರ್ಷ ಮತ್ತು ಒಂದು ವಾಕ್ಯ ಮಾತ್ರ ಇರುತ್ತದೆ.

ಈಗ ಗೋಡೆಗಳು ಎದೆಮಟ್ಟಕ್ಕೆ ಬಂದಿವೆ. ಸುಗ್ಗಿ ಹಬ್ಬದ ಸವಾಲು ಮುಗಿದು ಜನ ಚದುರುತ್ತಿದ್ದಾಗ, ಮುಳುಗಡೆಯಾದ ಹಳ್ಳಿಯ ಒಬ್ಬ ಹಿರಿಯರು ಟ್ರ್ಯಾಕ್ಟರಿನಲ್ಲಿ ಒಂದು ಸಾಗವಾನಿ ಚೌಕಟ್ಟನ್ನು ತಂದು ಇಳಿಸಿದರು. ಹಿನ್ನೀರು ಬರುವ ಮುಂಚೆ ತಮ್ಮ ಮನೆಯ ತಲೆಬಾಗಿಲಿನಿಂದ ಕಿತ್ತು ತಂದು, ಹೊಸ ಮನೆಗೆ ಹೊಂದದಿದ್ದರೂ ಮಾರಲು ಮನಸ್ಸಾಗದೆ, ಇಷ್ಟು ವರ್ಷ ಗೋಣಿತಾಟು ಸುತ್ತಿ ಇಟ್ಟುಕೊಂಡಿದ್ದರಂತೆ. ಅವರ ತಾಯಿ ಬಳಿಯುತ್ತಿದ್ದ ಅರಿಶಿನದ ಬಣ್ಣ ಹೊಸ್ತಿಲಿನ ಸಂದಿಯಲ್ಲಿ ಇನ್ನೂ ಇತ್ತು. ಗೌಂಡಿ ಅಳತೆ ಹಿಡಿದು ನೋಡಿ, ನಮ್ಮ ಬಾಗಿಲಿಗೆ ಬಿಟ್ಟ ಜಾಗಕ್ಕಿಂತ ಇದು ನಾಲ್ಕು ಬೆರಳು ಅಗಲ ಹೆಚ್ಚಿದೆ, ಚೌಕಟ್ಟನ್ನು ಕೊಯ್ಯಬೇಕಾಗುತ್ತದೆ ಎಂದನು. ಸಭಾಪಾಲಕರು ಹೊಸ್ತಿಲ ಮೇಲೆ ಕೈಯಿಟ್ಟು, “ಕೊಯ್ಯೋದು ಬ್ಯಾಡ, ಗ್ವಾಡಿ ಒಡಿ” ಎಂದರು.