ಅಪ್ಪ ತೀರಿಕೊಂಡ ಬೆಳಗಿನ ಜಾವ

ಅಪ್ಪ ಮನೆಯಲ್ಲಿಯೇ, ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ತೀರಿಕೊಂಡಾಗ ಮೊದಲು ಏನು ಮಾಡಬೇಕೆಂಬುದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಚಿಕ್ಕಮ್ಮ ಮಾತ್ರ ಅಳುತ್ತಲೇ ಎದ್ದು, ಅಪ್ಪನ ರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆ ಹತ್ತಿಯನ್ನಿಟ್ಟು, ತಲೆಯ ಕೆಳಗೆ ಇನ್ನೊಂದು ದಿಂಬನ್ನು ಸೇರಿಸಿ, ಫ್ಯಾನ್ ಆರಿಸಿದರು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ ಸುದ್ದಿಯನ್ನು ಓದಿದಂದಿನಿಂದ ತಮ್ಮ ಕಣ್ಣುಗಳನ್ನೂ ಕೊಡಬೇಕೆಂದು ಅಪ್ಪ ಹೇಳುತ್ತಿದ್ದುದು ಅವರಿಗೆ ನೆನಪಿತ್ತು. ಗಾಳಿಗೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಒಣಗುತ್ತದೆ. ಸುಮಾರು 6 ಗಂಟೆಗಳೊಳಗೆ ಅದನ್ನು ತೆಗೆಯಬೇಕು. ನೇತ್ರ ಬ್ಯಾಂಕಿನವರು ಮನೆಗೇ ಬಂದು ಅರ್ಧ ಗಂಟೆಯೊಳಗೆ ಕೆಲಸ ಮುಗಿಸಿದರು. ಮುಖ ವಿಕಾರವಾಗುತ್ತದೆಂದು ಅಂಜುವವರಿಗೆ ಹೇಳುತ್ತೇನೆ, ಅಪ್ಪ ನಿದ್ದೆ ಹೋದಂತೆಯೇ ಕಾಣುತ್ತಿದ್ದರು.

ನಾವು ತಪ್ಪಿದ್ದು ಬೇರೆ ಕಡೆ. ಮನೆಯಲ್ಲಿ ಸಾವು ಸಂಭವಿಸಿದರೆ, ಚಿಕಿತ್ಸೆ ನೀಡುತ್ತಿದ್ದ ವೈದ್ಯರನ್ನು ಕರೆಸಿ ಸಾವಿನ ಕಾರಣವನ್ನು ಬರೆಸಿಕೊಳ್ಳಬೇಕು. ಅದನ್ನು ಮರೆತು ಹೊರಟ ನಾವು, ಅಣ್ಣ ವೈದ್ಯರ ಪತ್ರವನ್ನು ತರುವವರೆಗೆ ಚಿತಾಗಾರದ ಗೇಟಿನ ಮುಂದೆ, ಬಿಸಿಲಿನಲ್ಲಿ, ಅಪ್ಪನನ್ನು ಗಾಡಿಯಲ್ಲೇ ಇಟ್ಟುಕೊಂಡು ಕಾದೆವು. ಆ ನೋವು ನನಗೆ ಇಂದಿಗೂ ಹೋಗಿಲ್ಲ. ದುಃಖದಲ್ಲಿ ಮುಳುಗಿರುವ ಮಕ್ಕಳ ಬದಲಿಗೆ ಭಾವನೋ ನೆರೆಯವರೋ ಇದೊಂದು ಹೊಣೆಯನ್ನು ಹೊತ್ತರೆ ದೊಡ್ಡ ಉಪಕಾರ.

ಮರಣ ನೋಂದಣಿಗೆ 21 ದಿನಗಳ ಅವಕಾಶವಿದೆ. ಆಸ್ಪತ್ರೆಯಲ್ಲಾದ ಸಾವನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ, ಮನೆಯಲ್ಲಾದುದನ್ನು ಮನೆಯವರೇ ತಿಳಿಸಬೇಕು. ತಡವಾದರೆ ದಂಡ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಪ್ರಮಾಣಪತ್ರದಲ್ಲಿ ಹೆಸರು ಆಧಾರ್‌ನಲ್ಲಿರುವಂತೆಯೇ, ಇನಿಷಿಯಲ್ ಸಹಿತ, ಇದೆಯೇ ಎಂಬುದನ್ನು ಅಲ್ಲಿಯೇ ನಿಂತು ಓದಿ ನೋಡಿ. ವಿಮೆ, ಕುಟುಂಬ ಪಿಂಚಣಿ, ಜಮೀನಿನ ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಎಲ್ಲವೂ ಅದೊಂದು ಹಾಳೆಯನ್ನೇ ಅವಲಂಬಿಸಿವೆ. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಬ್ಯಾಂಕಿನಲ್ಲಿ ನಾಮಿನಿಯಾದವರು ಹಣವನ್ನು ಪಡೆಯಬಹುದಾದರೂ ಅದು ವಾರಸುದಾರರೆಲ್ಲರಿಗೂ ಸೇರಿದ್ದು ಎಂಬುದನ್ನು ಒಡಹುಟ್ಟಿದವರು ಮೊದಲೇ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು.

ಉಳಿದ ಕಾಗದಗಳನ್ನು ವೈಕುಂಠ ಸಮಾರಾಧನೆ ಮುಗಿಯುವವರೆಗೂ ಅಮ್ಮನ ಮುಂದೆ ಇಡಲಿಲ್ಲ, ಅದು ಸರಿಯಾಗಿತ್ತು ಎಂದೇ ಈಗಲೂ ನಂಬಿದ್ದೇನೆ. ನೆಂಟರೆಲ್ಲ ಹೊರಟುಹೋದ ಮೇಲೆ ಪಿಂಚಣಿಯ ಅರ್ಜಿಯನ್ನು ಅಮ್ಮನೇ ತುಂಬಲು ಕುಳಿತರು. ಪತಿಯ ಹೆಸರಿನ ಮುಂದೆ ‘ದಿವಂಗತ’ ಎಂದು ಬರೆಯಬೇಕಾದ ಜಾಗಕ್ಕೆ ಬಂದಾಗ ಪೆನ್ನನ್ನು ನನ್ನ ಕಡೆ ಸರಿಸಿ, "ಇದೊಂದನ್ನು ನೀನೇ ಬರೆದುಬಿಡು ಮಗಾ" ಎಂದರು.