ಸಾಲ ತೀರಿಸಿದ ಚಾಡ್, ಸೋತ ವಿಶ್ವಬ್ಯಾಂಕ್

ಕೊಟ್ಟ ಸಾಲ ಅವಧಿಗೆ ಮೊದಲೇ ವಾಪಸ್ ಬಂದರೆ ಯಾವ ಬ್ಯಾಂಕಿಗೂ ಖುಷಿ ಆಗಬೇಕು, ಅಲ್ವಾ? 2008ರ ಸೆಪ್ಟೆಂಬರಿನಲ್ಲಿ ಆಫ್ರಿಕಾದ ಚಾಡ್ ದೇಶ 6.57 ಕೋಟಿ ಡಾಲರ್ ಕಟ್ಟಿ ವಿಶ್ವಬ್ಯಾಂಕಿನ ಪೈಪ್‌ಲೈನ್ ಸಾಲ ತೀರಿಸಿತು. ಬ್ಯಾಂಕಿಗೆ ಅದೇ ದೊಡ್ಡ ಮುಖಭಂಗ.

ಚಾಡ್‌ಗೆ ಸಮುದ್ರ ಇಲ್ಲ. ದಕ್ಷಿಣದ ಡೋಬಾದಲ್ಲಿ ತೈಲ ಇತ್ತು, ಆದರೆ ಅದನ್ನು ಮಾರಬೇಕಾದರೆ ಪಕ್ಕದ ದೇಶ ಕ್ಯಾಮರೂನ್ ದಾಟಿ ಕ್ರಿಬಿಯ ಕಡಲ ತನಕ 1,070 ಕಿ.ಮೀ. ಪೈಪ್ ಹಾಕಬೇಕಿತ್ತು. ಒಟ್ಟು ಖರ್ಚು ಸುಮಾರು 370 ಕೋಟಿ ಡಾಲರ್. ಇದರಲ್ಲಿ ವಿಶ್ವಬ್ಯಾಂಕ್ ಬಳಗ ತನ್ನ ಕೈಯಿಂದ ಹಾಕಿದ್ದು 20 ಕೋಟಿಗೂ ಕಡಿಮೆ. ಎಕ್ಸಾನ್‌ಮೊಬಿಲ್, ಪೆಟ್ರೋನಾಸ್, ಷೆವ್ರಾನ್‌ನಂಥ ಕಂಪನಿಗಳಿಗೆ ದುಡ್ಡಿನ ಬರವೇನೂ ಇರಲಿಲ್ಲ. ಬಂಡಾಯ, ಅಂತರ್ಯುದ್ಧಗಳ ದೇಶದಲ್ಲಿ ಇಷ್ಟೊಂದು ಬಂಡವಾಳ ಸುರಿಯುವಾಗ ಬ್ಯಾಂಕಿನ ಹೆಸರು ಜೊತೆಗಿರಲಿ ಅನ್ನುವುದು ಅವರ ಲೆಕ್ಕ.

ಬ್ಯಾಂಕೂ ಸುಮ್ನೆ ಹೆಸರು ಕೊಡಲಿಲ್ಲ. ಅದರ ಒತ್ತಾಯಕ್ಕೆ ಚಾಡ್ 1999ರಲ್ಲಿ ಒಂದು ಕಾನೂನು ಮಾಡಿತು. ತೈಲದ ದುಡ್ಡು ಮೊದಲು ಲಂಡನ್ನಿನ ಖಾತೆಗೆ ಹೋಗಬೇಕು. ಅದರಲ್ಲಿ ಶೇ 10 ಮುಂದಿನ ಪೀಳಿಗೆಗೆ. ಉಳಿದದ್ದರಲ್ಲಿ ಶೇ 80 ಶಾಲೆ, ಆಸ್ಪತ್ರೆ, ರಸ್ತೆ, ಹಳ್ಳಿಗಳಿಗೆ, ಶೇ 5 ಡೋಬಾ ಪ್ರದೇಶಕ್ಕೆ, ಮಿಕ್ಕಿದ್ದು ಸರ್ಕಾರದ ಮಾಮೂಲಿ ಖರ್ಚಿಗೆ. ಖರ್ಚಿನ ಮೇಲೆ ಕಣ್ಣಿಡಲು ಒಂದು ಸಮಿತಿ ಬೇರೆ. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ ನೋಡಿ.

ಆದರೆ ಈ ಕಾನೂನು ಹಿಡಿದಿಟ್ಟಿದ್ದು ಮೂರೇ ಮೂರು ತೈಲಕ್ಷೇತ್ರಗಳ ರಾಯಲ್ಟಿ (ತೆಗೆದ ತೈಲಕ್ಕೆ ಸರ್ಕಾರಕ್ಕೆ ಸಲ್ಲುವ ಪಾಲು) ಮತ್ತು ಲಾಭಾಂಶವನ್ನು. ಕಂಪನಿಗಳು ಕಟ್ಟುವ ಆದಾಯ ತೆರಿಗೆ ಲೆಕ್ಕದಿಂದ ಹೊರಗೆ. ಹೊಸ ಬಾವಿಗಳೂ ಹೊರಗೆ. ಬೆಲೆ ಏರಿದಷ್ಟೂ ತೆರಿಗೆ ಜಾಸ್ತಿ ಆಗುತ್ತದೆ, ಅಷ್ಟೂ ಸರ್ಕಾರ ಮನಸ್ಸಿಗೆ ಬಂದಂತೆ ಖರ್ಚು ಮಾಡಬಹುದಾದ ದುಡ್ಡು. ಇಷ್ಟು ದೊಡ್ಡ ತೂತು ಬ್ಯಾಂಕಿನ ಪಂಡಿತರ ಕಣ್ಣಿಗೆ ಬೀಳಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಎಚ್ಚರಿಕೆ ಕೊಡುವಂಥದ್ದು ತೈಲ ಹರಿಯುವ ಮೊದಲೇ ನಡೆದಿತ್ತು. ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ ಕಂಪನಿಗಳಿಂದ ಬೋನಸ್ ಅಂತ ಬಂದ 2.5 ಕೋಟಿ ಡಾಲರಿನಲ್ಲಿ ಸುಮಾರು 40 ಲಕ್ಷವನ್ನು ಅಧ್ಯಕ್ಷ ಇದ್ರಿಸ್ ಡೆಬಿ 2000ದಲ್ಲೇ ಶಸ್ತ್ರಾಸ್ತ್ರಕ್ಕೆ ಖರ್ಚು ಮಾಡಿದ್ದರು. ಬ್ಯಾಂಕ್ ಗದರಿತು, ಕೆಲಸ ಮುಂದುವರಿಯಿತು.

2003ರಲ್ಲಿ ತೈಲ ಹರಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ ಬೇಕು? 2005ರ ಕೊನೆಗೆ ಚಾಡ್ ಸಂಸತ್ತು ಕಾನೂನನ್ನೇ ತಿದ್ದಿ ಮುಂದಿನ ಪೀಳಿಗೆಯ ನಿಧಿ ತೆಗೆದುಹಾಕಿತು, ಶಾಲೆ, ಆಸ್ಪತ್ರೆಗಳಿದ್ದ ಆದ್ಯತೆಯ ಪಟ್ಟಿಗೆ ಭದ್ರತೆಯನ್ನೂ ಸೇರಿಸಿತು. ಆಗ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಪಾಲ್ ವುಲ್ಫೋವಿಟ್ಜ್ 2006ರ ಜನವರಿಯಲ್ಲಿ ಚಾಡ್‌ಗೆ ಇನ್ನೂ ಕೊಡಬೇಕಿದ್ದ ಸಾಲ ತಡೆದರು, ಲಂಡನ್ ಖಾತೆಯೂ ಸ್ತಂಭನವಾಯಿತು. ಏಪ್ರಿಲಿನಲ್ಲಿ ಬಂಡುಕೋರರು ರಾಜಧಾನಿ ಎನ್‌ಜಮೇನಾಕ್ಕೇ ನುಗ್ಗಿದರು. ದುಡ್ಡು ಬಿಡದಿದ್ದರೆ ತೈಲ ನಿಲ್ಲಿಸುತ್ತೇನೆ ಅಂತ ಡೆಬಿ ಬೆದರಿಸಿದರು, ಕೆಲವೇ ವಾರಗಳಲ್ಲಿ ಬ್ಯಾಂಕ್ ರಾಜಿಗೆ ಬಂತು. ಯೋಜನೆ ಮಾಡಿದವರು ಬ್ಯಾರಲ್ಲಿಗೆ 15 ಡಾಲರ್ ಆಸುಪಾಸು ಅಂದುಕೊಂಡಿದ್ದ ತೈಲ 2008ರಲ್ಲಿ 100 ಡಾಲರ್ ದಾಟಿತ್ತು. ಅಂಥ ಹೊತ್ತಿನಲ್ಲಿ 6.57 ಕೋಟಿ ಬಿಸಾಕಿ ಷರತ್ತುಗಳಿಂದ ಬಿಡಿಸಿಕೊಳ್ಳುವುದು ಡೆಬಿಗೆ ಯಾವ ಲೆಕ್ಕ?

ಆಮೇಲಿನದು ಇನ್ನೂ ಕೆಟ್ಟದು. 2014ರಲ್ಲಿ ಚಾಡ್ ಇದೇ ಯೋಜನೆಯಲ್ಲಿನ ಷೆವ್ರಾನ್ ಪಾಲನ್ನು ಸುಮಾರು 130 ಕೋಟಿ ಡಾಲರಿಗೆ ಕೊಂಡಿತು. ದುಡ್ಡು ಎಲ್ಲಿಂದ? ಸರಕು ವ್ಯಾಪಾರಿ ಗ್ಲೆನ್‌ಕೋರ್‌ನಿಂದ, ಮುಂದೆ ತೆಗೆಯುವ ತೈಲವನ್ನೇ ಅಡ ಇಟ್ಟು. ಶಾಲೆ, ಆಸ್ಪತ್ರೆಯ ಷರತ್ತೆಲ್ಲ ಅಲ್ಲಿ ಇಲ್ಲ. ಅದೇ ವರ್ಷದ ಕೊನೆಗೆ ತೈಲ ಬೆಲೆ ಕುಸಿಯಿತು. ಸಾಲದ ಕಂತು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ, 2022ರಲ್ಲಿ ಮತ್ತೊಮ್ಮೆ ಹೊಂದಿಸಿಕೊಳ್ಳಬೇಕಾಯಿತು.

ತಪ್ಪೆಲ್ಲ ಡೆಬಿಯ ತಲೆಗೆ ಕಟ್ಟುವುದು ಸುಲಭ. ಆದರೆ 1990ರಲ್ಲಿ ಬಂದೂಕು ಹಿಡಿದೇ ಅಧಿಕಾರಕ್ಕೆ ಬಂದವರು ಅವರು, ಬ್ಯಾಂಕಿಗೆ ಅದೇನು ಗೊತ್ತಿಲ್ಲದ್ದಲ್ಲ. ಮೊದಲು ಆಡಳಿತ ಸರಿಹೋಗಲಿ, ಆಮೇಲೆ ತೈಲ ತೆಗೆಯೋಣ ಅಂತ ಚಾಡ್‌ನ ಜನಸಂಘಟನೆಗಳು ಸಾಲ ಮಂಜೂರಾಗುವ ಮೊದಲೇ ಬೇಡಿಕೊಂಡಿದ್ದವು. ಅಧ್ಯಕ್ಷರನ್ನು ಟೀಕಿಸಿ 1998ರಲ್ಲಿ ಜೈಲಿಗೆ ಹೋಗಿದ್ದ ಸಂಸದ ಎನ್‌ಗಾರ್ಲೆಜಿ ಯೊರೊಂಗಾರ್, 2001ರಲ್ಲಿ ಡೋಬಾ ಭಾಗದ ನೂರಕ್ಕೂ ಹೆಚ್ಚು ಜನರ ಜೊತೆ ಬ್ಯಾಂಕಿನದ್ದೇ ತನಿಖಾ ಸಮಿತಿಗೆ ದೂರು ಕೊಟ್ಟರು. ಆ ಹೊತ್ತಿಗೆ ಪೈಪ್ ಹಾಕುವ ಕೆಲಸ ಶುರುವಾಗಿತ್ತು.