ಮನೆ ಕೆಲಸ ನಿಂತಿದೆಯೋ, ಕಾಯುತ್ತಿದೆಯೋ?

ಮನೆ ಕಟ್ಟಿಸುತ್ತಿರುವವರಿಗೆ ಈ ಸಂಕಟ ಗೊತ್ತಿರುತ್ತದೆ. ಸೈಟಿಗೆ ಹೋದರೆ ಒಬ್ಬರೂ ಇಲ್ಲ. ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಕಾಂಟ್ರಾಕ್ಟರ್ "ಸೋಮವಾರ ಪಕ್ಕಾ" ಎನ್ನುತ್ತಾರೆ, ಯಾವ ಸೋಮವಾರ ಅಂತ ಮಾತ್ರ ಹೇಳುವುದಿಲ್ಲ. ನನಗೂ ತಲೆ ಬಿಸಿಯಾಗುತ್ತಿತ್ತು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಸೈಟ್ ಖಾಲಿ ಕಂಡರೆ ಕೂಗಾಡುವ ಮೊದಲು, ಕೆಲಸ ನಿಂತಿದೆಯೋ ಇಲ್ಲ ಕಾಯುತ್ತಿದೆಯೋ ಅಂತ ನೋಡುವುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಂದಕ್ಕೆ ಅವಸರ ಮಾಡಲೇಬೇಕು, ಇನ್ನೊಂದಕ್ಕೆ ಮಾಡಲೇಬಾರದು.

ಮೊದಲು ಕಾಯುವ ಕೆಲಸ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಸಿಮೆಂಟು ನೀರಿನ ಜೊತೆ ಸೇರಿ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ, ಮಧ್ಯದಲ್ಲಿ ಒಣಗಿಬಿಟ್ಟರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆಯಾಗಿಡುವುದು. ಸಾಮಾನ್ಯ (OPC) ಸಿಮೆಂಟಿಗೆ ಕಡಿಮೆ ಅಂದರೂ 7 ದಿನ, ಬಿಸಿಲು ಒಣಹವೆ ಇದ್ದರೆ 10 ದಿನ, ಸಾಧ್ಯವಾದರೆ ಇನ್ನೂ ಜಾಸ್ತಿ ದಿನ ಒದ್ದೆಯಾಗಿ ಇಡಬೇಕು. ಇಂಜಿನಿಯರುಗಳು ಕಾಂಕ್ರೀಟಿನ ಬಲವನ್ನು 28ನೇ ದಿನಕ್ಕೆ ಅಳೆಯುತ್ತಾರೆ. ಮೊದಲ ವಾರದಲ್ಲಿ ಅದರ ಸುಮಾರು ಮೂರರಲ್ಲಿ ಎರಡು ಭಾಗ ಬಂದಿರುತ್ತದೆ, ಅಷ್ಟೇ. ಚಳಿ ಇದ್ದರೆ ಅದೂ ನಿಧಾನ. ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟ್, ಹಾಕಿದ ಮೇಲೆ ಅದನ್ನು ಕೆಳಗಿನಿಂದ ಹೊತ್ತಿರುವ ಸೆಂಟ್ರಿಂಗ್ ಕಂಬಗಳು ಹಾಗೇ ನಿಂತಿರುವುದನ್ನು ನೋಡಿ "ಇನ್ನೂ ಯಾಕೆ ಬಿಚ್ಚಿಲ್ಲ?" ಅಂತ ಕೇಳುವ ನೆಂಟರು ಇರುತ್ತಾರೆ. ಅವರಿಗೆ ನಗುತ್ತಾ ಏನೋ ಒಂದು ಹೇಳಿ ಕಳಿಸಿ. ಉದ್ದದ ತೊಲೆಗಳ ಕೆಳಗಿನ ಕಂಬ ಮೂರು ವಾರ ಇರುವುದೂ ಉಂಟು. ಯಾವಾಗ ಬಿಚ್ಚಬೇಕು ಅನ್ನುವುದನ್ನು ಇಂಜಿನಿಯರ್ ಹೇಳಬೇಕು. ಸೆಂಟ್ರಿಂಗ್ ಹಲಗೆಗೆ ದಿನದ ಬಾಡಿಗೆ ಲೆಕ್ಕ ಹಾಕುತ್ತಿರುವವರ ಮಾತನ್ನು ಈ ವಿಷಯದಲ್ಲಿ ಕೇಳಬೇಡಿ.

ಗಾರೆ ಒಣಗುವುದೂ ಇದೇ ಪಟ್ಟಿಗೆ ಸೇರಿದ್ದು. ಹಸಿ ಗೋಡೆಗೆ ಬಣ್ಣ ಬಳಿದರೆ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಹೊರಗೆ ಬರುತ್ತದೆ, ಆಮೇಲೆ ಕೆರೆದು ಮತ್ತೆ ಬಳಿಯಬೇಕು.

ಈಗ ನಿಂತ ಕೆಲಸ. ನಿಜವಾದ ತಡ ಇರುವುದು ಇಲ್ಲಿ. ಕೆಲಸಗಾರರು ನಿಧಾನ ಅಂತ ನಾವು ಬೈಯುತ್ತೇವೆ, ಆದರೆ ಸೈಟಿನಲ್ಲಿ ಇರುವಾಗ ಅವರು ವೇಗವಾಗೇ ಕೆಲಸ ಮಾಡುತ್ತಾರೆ. ತಡ ಆಗುವುದು ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ. ಕಂಬಿ ಕಟ್ಟಿ ಮುಗಿದಿದೆ, ಎಲೆಕ್ಟ್ರಿಷಿಯನ್ ಬಂದು ಪೈಪು ಎಳೆದು ಫ್ಯಾನ್ ಬಾಕ್ಸ್ ಕೂರಿಸಿದರೆ ಮೋಲ್ಡ್ ಹಾಕಬಹುದು, ಆದರೆ ಫ್ಯಾನ್ ಎಲ್ಲಿ, ಲೈಟ್ ಎಲ್ಲಿ ಅಂತ ಮನೆಯವರು ಇನ್ನೂ ತೀರ್ಮಾನ ಮಾಡಿಲ್ಲ. ಪ್ಲಂಬರ್ ರೆಡಿ ಇದ್ದಾನೆ, ಗೋಡೆಯೊಳಗೆ ಹೋಗುವ ಶವರ್ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಸಾಧನ) ಯಾವುದು ಅಂತ ತೀರ್ಮಾನ ಆಗಿಲ್ಲ. ಎರಡು ದಿನ ತಾನೇ, ಆರಿಸಿಕೊಂಡರಾಯಿತು ಅನಿಸುತ್ತದೆ ಅಲ್ವಾ? ಎರಡು ದಿನ ಕೂಲಿ ಬಿಟ್ಟು ಯಾರೂ ಸುಮ್ನೆ ಕೂತಿರುವುದಿಲ್ಲ. ಕಾಂಟ್ರಾಕ್ಟರಿಗೆ ಬೇರೆ ಸೈಟುಗಳಿರುತ್ತವೆ, ಎಲ್ಲಿ ಸಾಮಾನು ಮತ್ತು ದುಡ್ಡು ತಯಾರಿದೆಯೋ ಅಲ್ಲಿಗೆ ಆಳುಗಳು ಹೋಗುತ್ತಾರೆ. ಹೋದ ಮೇಲೆ ಆ ಸೈಟಿನ ಕೆಲಸ ಒಂದು ಹಂತಕ್ಕೆ ಬರುವ ತನಕ ಬಿಡಿಸಿಕೊಂಡು ಬರುವುದು ಕಷ್ಟ. ಹೀಗೆ ಎರಡು ದಿನದ ಸಂದು ಎರಡು ವಾರವಾಗುತ್ತದೆ. ನಮ್ಮ ಕಿಟಕಿ ಚೌಕಟ್ಟಿನ ವಿಷಯದಲ್ಲಿ ಆದದ್ದು ಇದೇ. ಚೌಕಟ್ಟು ಮಾಡುವವನು ಸ್ವಲ್ಪ ತಡ ಮಾಡಿದ, ಗಾರೆಯವರು ಎದ್ದು ಹೋದರು, ಅವರು ಬರುವ ಹೊತ್ತಿಗೆ ಮಳೆ ಶುರುವಾಗಿತ್ತು.

ಹಾಗಾಗಿ "ಮನೆ ಯಾವಾಗ ಮುಗಿಯುತ್ತೆ?" ಅಂತ ಕೇಳುವುದನ್ನು ನಾನು ಬಿಟ್ಟೆ. ಅದಕ್ಕೆ ಬರುವ ಉತ್ತರ ಹೇಗಿದ್ದರೂ ಸುಳ್ಳು. ಬದಲಿಗೆ ವಾರಕ್ಕೊಮ್ಮೆ ಕೂತು, ಮುಂದಿನ ಎರಡು ವಾರದಲ್ಲಿ ಯಾವ ಕೆಲಸ, ಅದಕ್ಕೆ ಏನೇನು ಸಾಮಾನು ಬೇಕು, ಯಾರು ತರಬೇಕು, ನಾನು ಯಾವುದನ್ನು ಆರಿಸಿ ಹೇಳಬೇಕು ಅಂತ ಕೇಳಿ ಬರೆದುಕೊಳ್ಳುತ್ತಿದ್ದೆ. ಅದೇ ಪಟ್ಟಿಯ ಫೋಟೋ ವಾಟ್ಸಾಪಿನಲ್ಲಿ ಎಲ್ಲರಿಗೂ. ಮೊದಮೊದಲು ಕಾಂಟ್ರಾಕ್ಟರ್ ಮುಖ ಗಂಟಿಕ್ಕಿದರು, ಆಮೇಲೆ ಅವರೇ ಪಟ್ಟಿ ಕೇಳತೊಡಗಿದರು.

ಎಲ್ಲ ತೀರ್ಮಾನ ಆಗದೆ ಕೆಲಸ ಶುರು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಸಿಡ್ನಿ ಒಪೆರಾ ಹೌಸ್ ನೋಡಿ. 1959ರಲ್ಲಿ ಕೆಲಸ ಶುರುವಾಯಿತು, 1963ಕ್ಕೆ ಮುಗಿಯಬೇಕಿತ್ತು, ಬಾಗಿಲು ತೆರೆದದ್ದು 1973ರಲ್ಲಿ. ಆ ಚಿಪ್ಪಿನಂಥ ಚಾವಣಿಯನ್ನು ಹೇಗೆ ಕಟ್ಟುವುದು ಅಂತ ಗೊತ್ತಾಗುವ ಮೊದಲೇ ಕೆಳಗಿನ ಕಟ್ಟೆಯ ಕೆಲಸಕ್ಕೆ ಕೈ ಹಾಕಿದ್ದರು. ಕೊನೆಗೆ ಚಾವಣಿಯ ಭಾರಕ್ಕೆ ಆ ಕಟ್ಟೆಯ ಕಂಬಗಳು ಸಾಲದೆ ಮತ್ತೆ ಕಟ್ಟಬೇಕಾಯಿತು. ಅಷ್ಟು ದೊಡ್ಡ ಇಂಜಿನಿಯರುಗಳಿಗೇ ಹೀಗಾಗಿದೆ ಅಂದರೆ ನನ್ನ ಬಚ್ಚಲುಮನೆ ತಡವಾದದ್ದಕ್ಕೆ ಸ್ವಲ್ಪ ಸಮಾಧಾನ.

ಇನ್ನೊಂದು ವಿಷಯ. ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದಾರೆ: ಹಿಂದಿನ ಅಂಥದೇ ಕೆಲಸಗಳು ತಡವಾದದ್ದು ಗೊತ್ತಿದ್ದರೂ, ಜನ ತಮ್ಮ ಮುಂದಿನ ಕೆಲಸಕ್ಕೆ ಕಡಿಮೆ ಸಮಯವನ್ನೇ ಲೆಕ್ಕ ಹಾಕುತ್ತಾರೆ. ಅಂದರೆ ಕಾಂಟ್ರಾಕ್ಟರ್ ಬೇಕಂತಲೇ ಸುಳ್ಳು ಹೇಳುತ್ತಿರಬೇಕು ಅಂತೇನಿಲ್ಲ, ಅವರೂ ನಂಬಿಕೊಂಡೇ ಹೇಳುತ್ತಿರಬಹುದು. ಕೆಲಸ ಒಪ್ಪಿಸುವ ಮೊದಲು "ನಮ್ಮ ಮನೆಗೆ ಎಷ್ಟು ತಿಂಗಳು?" ಅಂತ ಕೇಳಬೇಡಿ. ಅವರು ಈಚೆಗೆ ಕಟ್ಟಿದ ಮನೆಗಳಿಗೆ ಹೋಗಿ, ಅಲ್ಲಿ ಇರುವವರನ್ನು "ನಿಮ್ಮದಕ್ಕೆ ಎಷ್ಟಾಯಿತು?" ಅಂತ ಕೇಳಿ. ಆ ಲೆಕ್ಕವೇ ನಿಮ್ಮ ಲೆಕ್ಕ.

ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ತಡವಾದರೆ ದಿನಕ್ಕಿಷ್ಟು ದಂಡ ಅಂತ ಅಗ್ರಿಮೆಂಟಿನಲ್ಲಿ ಬರೆಸಿ, ಬೇಡ ಅನ್ನುವುದಿಲ್ಲ, ಆದರೆ ಅರ್ಧ ಮನೆ ಎದುರಿಗಿರುವಾಗ ದಂಡ ವಸೂಲಿ ಮಾಡಲು ಹೊರಟರೆ ಆಳುಗಳು ಪೂರ್ತಿ ಮಾಯವಾಗುತ್ತಾರೆ. ಅದಕ್ಕಿಂತ ಹಂತಕ್ಕೆ ತಕ್ಕಂತೆ ದುಡ್ಡು ಕೊಡುವುದು ಉತ್ತಮ. ಪಾಯ ಆದ ಮೇಲೆ ಇಷ್ಟು, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ಅಡ್ಡತೊಲೆ) ಆದ ಮೇಲೆ ಇಷ್ಟು, ಮೋಲ್ಡ್ ಆದ ಮೇಲೆ ಇಷ್ಟು. ತಾರೀಕು ನೋಡಿ ಕೊಡಬೇಡಿ. ಕೆಲಸಕ್ಕಿಂತ ಮುಂದೆ ದುಡ್ಡು ಹೋಗಬಾರದು, ಕೊನೆಯ ಕಂತು ಸಣ್ಣದಾಗಿ ಇರಬಾರದು. ನಡುವೆ ನೀವೇ ಏನಾದರೂ ಬದಲಾವಣೆ ಕೇಳಿದರೆ ಅದಕ್ಕೆ ಎಷ್ಟು ದುಡ್ಡು, ಎಷ್ಟು ದಿನ ಜಾಸ್ತಿ ಅನ್ನುವುದನ್ನು ಆವತ್ತೇ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡು ಎಲ್ಲರೂ ಬರೆಯುತ್ತಾರೆ, ದಿನ ಬರೆಯುವುದನ್ನು ಮರೆಯುತ್ತಾರೆ.

ಸಾಮಾನು ಮೊದಲೇ ತಂದಿಟ್ಟರೆ ತಡ ಆಗಲ್ಲ ಅಂತ ಸಿಮೆಂಟ್ ಮೂಟೆ ಪೇರಿಸಬೇಡಿ. ಗಾಳಿಯ ತೇವ ಹೀರಿ ಅದು ದಿನೇ ದಿನೇ ಬಲ ಕಳೆದುಕೊಳ್ಳುತ್ತದೆ, ಮೂರು ತಿಂಗಳು ಹಳೆಯದಾದರೆ ಪರೀಕ್ಷೆ ಮಾಡಿಸದೆ ಬಳಸಬಾರದು. ಟೈಲ್ಸ್, ನಲ್ಲಿ, ಸ್ವಿಚ್ಚು ಬೇಕಾದರೆ ಮೊದಲೇ ತಂದಿಡಿ, ಅವು ಕೆಡುವುದಿಲ್ಲ.

ಬಾಡಿಗೆ ಮನೆಗೆ ನೋಟಿಸ್ ಕೊಡುವುದಂತೂ ಹೊಸ ಮನೆಯಲ್ಲಿ ನೀರು, ಕರೆಂಟು, ಒಂದು ಬಚ್ಚಲು, ಮುಂಬಾಗಿಲಿನ ಬೀಗ ಇಷ್ಟೂ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ. ವಾರ್ಡ್‌ರೋಬು, ಕಾಂಪೌಂಡು, ಹೊರಗಿನ ಬಣ್ಣ ಇವೆಲ್ಲ ನಾವು ಒಳಗೆ ಇದ್ದುಕೊಂಡೇ ಮಾಡಿಸಬಹುದು. ನೆಲದ ಪಾಲಿಶ್ ಹಾಗಲ್ಲ, ಬಚ್ಚಲಿನ ನೀರು ನಿಲ್ಲಿಸುವ ಪರೀಕ್ಷೆಯೂ ಹಾಗಲ್ಲ. ಟೈಲ್ಸ್ ಹಾಕುವ ಮೊದಲೇ ಬಚ್ಚಲಲ್ಲಿ ಒಂದೆರಡು ದಿನ ನೀರು ಕಟ್ಟಿ, ಕೆಳಗಿನ ಚಾವಣಿ ಒದ್ದೆಯಾಗುತ್ತದೆಯೇ ಅಂತ ನೋಡಬೇಕು. ತಡವಾಗಿದೆ ಅಂತ ಅದನ್ನು ಬಿಟ್ಟು ಮುಂದೆ ಹೋಗೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.